ಬೆಂಕಿಯ ಫ್ರಿಡ್ಜು, ಮೋಟಾರಿನ ಫ್ರಿಡ್ಜು ಮತ್ತು ನಮ್ಮವರ ಮೊಸರು

ನಮ್ಮ ಮನೆಗೆ ಯಾವ ಹೊಸ ಸಾಮಾನು ಬರುವುದಿದ್ದರೂ, ಅದಕ್ಕಿಂತ ಮೊದಲು ಅದರ ಜಗಳ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತದೆ. ಮಿಕ್ಸಿ ಬರುವಾಗ ಹಾಗೆ, ವಾಷಿಂಗ್ ಮೆಷಿನ್ ಬರುವಾಗ ಹಾಗೆ. ಇನ್ನು ಮನೆಗೇ ಚಕ್ರ ಬಂದರೆ ಕೇಳಬೇಕೇ?

ಚಕ್ರದ ಮೇಲಿನ ಮನೆ

ನನ್ನ ಮಗನಿಗೆ ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸ. ನಾವಿಬ್ಬರು ಮುದುಕರು ಕಾಸರಗೋಡಿನ ಕಡೆಯಿಂದ ಬಂದು ವೈಟ್ಟಿಲದ ಹತ್ತಿರ ಅವನೊಟ್ಟಿಗೇ ಇದ್ದೇವೆ. ಇದ್ದಕ್ಕಿದ್ದಂತೆ ಅವನಿಗೊಂದು ಮರುಳು ಹತ್ತಿತು. ಹಳೇ ವ್ಯಾನೊಂದನ್ನು ತಂದು, ಅಂಬಲಮುಗಳಿನ ಗ್ಯಾರೇಜಿನಲ್ಲಿ ಒಳಗೆ ಮಂಚ, ಒಲೆ, ಬೇಸಿನ್ ಎಲ್ಲ ಕೂರಿಸಿದ. ಅದಕ್ಕೆ ಕ್ಯಾರವಾನ್ ಅಂತ ಹೆಸರಂತೆ.

ಅವನಿಗೆ ಅದರಲ್ಲಿ ಊರೂರು ಕಂಡಿತೋ ಏನೋ, ನನಗೆ ಕಂಡದ್ದು ಒಂದೇ, ತಿರುವನಂತಪುರದಲ್ಲಿರುವ ಮಗಳ ಮನೆ. ಅವಳು ಅಲ್ಲಿ ಮನೆ ಕಟ್ಟಿಸಿ ವರ್ಷಗಳಾದವು, ನಾನು ಇನ್ನೂ ಅದರ ಹೊಸ್ತಿಲು ತುಳಿದಿರಲಿಲ್ಲ. ಅದಕ್ಕೆ ಕಾರಣ ನಮ್ಮವರ ಮೊಸರು. ಊಟದ ಕೊನೆಗೆ ಅವರಿಗೆ ನನ್ನ ಕೈಯ ಹೆಪ್ಪಿನ ಸಿಹಿ ಮೊಸರೇ ಆಗಬೇಕು. ಪ್ಯಾಕೆಟ್ ಮೊಸರನ್ನು ಮೂಸಿಯೂ ನೋಡುವುದಿಲ್ಲ. ರೈಲಿನಲ್ಲಿ ಒಯ್ದರೆ ಆಲಪ್ಪುಳ ದಾಟುವಾಗಲೇ ಹುಳಿ. ಅವರು ಬರುವುದಿಲ್ಲ, ಅವರನ್ನು ಬಿಟ್ಟು ನಾನು ಹೋಗುವ ಹಾಗಿಲ್ಲ.

ಈಗ ವ್ಯಾನನ್ನು ಸುತ್ತು ಹಾಕಿ ನೋಡಿ ಒಂದು ಷರತ್ತಿನ ಮೇಲೆ ಒಪ್ಪಿದರು. "ಫ್ರಿಡ್ಜ್ ಇಡಿಸು, ಬರುತ್ತೇನೆ. ಆದರೆ ಮಧ್ಯಾಹ್ನ ಮೊಸರು ಹುಳಿಯಾಯಿತೋ, ಗಾಡಿ ಎಲ್ಲಿದೆಯೋ ಅಲ್ಲಿಂದಲೇ ವಾಪಸ್."

ಜನ ಗಾಡಿಗೆ ಪೆಟ್ರೋಲೋ ಡೀಸೆಲ್ಲೋ ಅಂತ ಕೇಳುತ್ತಾರೆ. ನಮ್ಮ ಗಾಡಿ ಓಡಬೇಕಾದದ್ದು ಮೊಸರಿನ ಮೇಲೆ.

ಬೆಂಕಿ ಹಚ್ಚಿದರೆ ತಂಪು

ಫ್ರಿಡ್ಜಿನ ಅಂಗಡಿಗೆ ನಾಲ್ವರೂ ಹೋದೆವು, ಸೊಸೆಯೂ ಸೇರಿ. ಅಂಗಡಿಯವನು ಮಗನ ಪರಿಚಯದವನೇ. ಕ್ಯಾರವಾನಿನ ಫ್ರಿಡ್ಜಿನಲ್ಲಿ ಎರಡು ಜಾತಿ ಅಂದ. ಒಂದು ಕಂಪ್ರೆಸರಿನದು, ಮನೆಯ ಫ್ರಿಡ್ಜಿನ ಹಾಗೆ ಮೋಟಾರು. ಎಂಥ ಸೆಕೆಗೂ ಜಗ್ಗುವುದಿಲ್ಲ, ಆದರೆ ಬ್ಯಾಟರಿ ಕುಡಿಯುತ್ತದೆ, ಸ್ವಲ್ಪ ಗೊಣಗುತ್ತದೆ. ಇನ್ನೊಂದು ಅಬ್ಸಾರ್ಪ್ಶನಿನದು. ಅದಕ್ಕೆ ಮೋಟಾರಿಲ್ಲ, ಸದ್ದಿಲ್ಲ. ಗಾಡಿ ನಿಂತಿರುವಾಗ ಗ್ಯಾಸಿನ ಸಣ್ಣ ಬೆಂಕಿ ಹಚ್ಚಿಟ್ಟರೆ ಒಳಗೆ ತಣ್ಣಗಾಗುತ್ತದೆ. ಓಡುವಾಗ ಗಾಡಿಯ ಕರೆಂಟಿನಲ್ಲಿ ಆ ತಂಪು ಹಾಗೇ ಉಳಿಯುತ್ತದೆ. ಆದರೆ ಗಾಡಿ ಸಮತಟ್ಟು ಜಾಗದಲ್ಲೇ ನಿಲ್ಲಬೇಕು.

ನಾನು ಅಂಗಡಿಯವನ ಮುಖವನ್ನೇ ನೋಡಿದೆ. ಹುಟ್ಟಿದಂದಿನಿಂದ ಒಲೆ ಹೊತ್ತಿಸಿದ್ದೇನೆ, ಒಂದು ದಿನವಾದರೂ ಅಡುಗೆಮನೆ ತಂಪಾದದ್ದಿಲ್ಲ. ಬೆಂಕಿಯಿಂದ ತಣ್ಣಗಾಗುವುದು ಅಂದರೆ ಏನಪ್ಪಾ ಅಂತ ಕೇಳಿದೆ. ಅವನು ಏನೇನೋ ದ್ರವ, ಆವಿ ಅಂತ ಮಲಯಾಳದಲ್ಲಿ ವಿವರಿಸಿ ಬೆವರಿದ. ನನಗೆ ತಲೆಬುಡ ತಿಳಿಯಲಿಲ್ಲ.

ನಮ್ಮವರು ಮಾತ್ರ ತಲೆಯಾಡಿಸುತ್ತಿದ್ದರು. "ಅಷ್ಟೂ ಗೊತ್ತಾಗುವುದಿಲ್ವಾ ಮಾರಾಯ್ತಿ? ನೀನು ಹೊತ್ತಿ ಉರಿಯುವಾಗೆಲ್ಲ ನಾನು ತಣ್ಣಗೆ ಕೂತಿರುವುದಿಲ್ವಾ?"

ಗೊರಕೆಯ ರಿಪೇರಿ

ಮಗ ಕಂಪ್ರೆಸರ್ ಪಕ್ಷ, ಸೊಸೆ ಗ್ಯಾಸಿನ ಪಕ್ಷ. ಜಗಳ ಬೇಡ, ಎರಡನ್ನೂ ಒಂದೊಂದಾಗಿ ಇಟ್ಟು ನೋಡಿ ಅಂತ ಅಂಗಡಿಯವನೇ ಹೇಳಿದ. ಮೊದಲು ಮೋಟಾರಿನದು ಬಂತು. ಮೊಸರು ಕಲ್ಲಿನ ಹಾಗೆ ತಣ್ಣಗೆ. ನಮ್ಮವರು ಖುಷಿಯಾಗಿ, ಊಟವಾದ ಮೇಲೆ ವ್ಯಾನಿನ ಮಂಚದಲ್ಲೇ ಮಲಗುವ ಅಭ್ಯಾಸ ಮಾಡಿಕೊಂಡರು.

ಒಂದು ಮಧ್ಯಾಹ್ನ ಸೊಸೆ ವ್ಯಾನಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. "ಕೇಳಿ ಅತ್ತೆ, ಇದಾ ಸ್ವಲ್ಪ ಗೊಣಗುವುದು?" ಒಳಗೆ ಗರಗಸ ಎಳೆದ ಹಾಗೆ ಸದ್ದು. ಅವಳು ಅಂಗಡಿಗೆ ಫೋನು ಮಾಡಿ ಮೆಕ್ಯಾನಿಕ್ಕನ್ನು ಕರೆಸಿಯೇ ಬಿಟ್ಟಳು. ಅವನು ಸ್ಕ್ರೂ ಬಿಗಿಮಾಡಿದ, ಕೆಳಗೆ ರಬ್ಬರ್ ಕೊಟ್ಟ, ಕೊನೆಗೆ ವಯರನ್ನೇ ಕಿತ್ತ. ಸದ್ದು ಇನ್ನಷ್ಟು ಏರಿತು. ಆಮೇಲೆ ಅವನು ನಿಧಾನ ತಿರುಗಿ, ಪರದೆ ಸರಿಸಿ, ಮಂಚದ ಕಡೆ ನೋಡಿದ.

"ಅಮ್ಮೇ," ಅಂದ ನನಗೆ, "ಇದಕ್ಕೆ ನಮ್ಮ ಕಂಪನಿಯ ವಾರಂಟಿ ಇಲ್ಲ."

ಸದ್ದಿನ ಆರೋಪ ಬಿದ್ದುಹೋಯಿತು. ಆದರೆ ವಾರವಿಡೀ ನಿಂತಲ್ಲೇ ನಿಂತು ಫ್ರಿಡ್ಜು ಬ್ಯಾಟರಿಯನ್ನು ಪೂರಾ ಕುಡಿದಿತ್ತು. ಬೀದಿಯವರೆಲ್ಲ ಸೇರಿ ವ್ಯಾನು ತಳ್ಳಬೇಕಾಯಿತು. ಸೊಸೆ ಗೆದ್ದಳು, ಬೆಂಕಿಯ ಫ್ರಿಡ್ಜು ಬಂತು.

ಸಮತಟ್ಟು ಜಾಗ

ಪರೀಕ್ಷೆಗೆಂದು ಒಂದು ಭಾನುವಾರ ವಲ್ಲಾರ್ಪಾಡಂ ಕಡೆಗೆ ಹೊರಟೆವು. ಹಿಂದಿನ ಸಂಜೆಯೇ ಸೊಸೆ ಮೊಸರು ಒಳಗಿಟ್ಟು ಗ್ಯಾಸು ಹಚ್ಚಿದ್ದಳು. ವ್ಯಾನಿಗೆ ಬೀಗ ಹಾಕುವ ಕೆಲಸ ಯಾವಾಗಲೂ ನಮ್ಮವರದು. ಬೇರೆಯವರು ಹಾಕಿದ ಬೀಗದ ಮೇಲೆ ಅವರಿಗೆ ನಂಬಿಕೆಯಿಲ್ಲ.

ಮಧ್ಯಾಹ್ನ ನಿಲ್ಲಿಸಲು ಸಮತಟ್ಟು ಜಾಗ ಬೇಕಲ್ಲ? ಒಂದು ಕಡೆ ಏರು, ಇನ್ನೊಂದು ಕಡೆ ಹೊಂಡ. ಮಗ ಗ್ಲಾಸಿನಲ್ಲಿ ನೀರಿಟ್ಟು ಅದು ವಾಲುವುದನ್ನೇ ನೋಡುತ್ತಾ ಗಾಡಿ ಹಿಂದೆ ಮುಂದೆ ಮಾಡಿದ. ಕೊನೆಗೆ ಟೇಬಲ್ಲಿನ ಹಾಗಿದ್ದ ಅಂಗಳವೊಂದು ಸಿಕ್ಕಿತು. ಅದು ಕಲ್ಯಾಣ ಮಂಟಪದ್ದು. ಗೇಟಿನಲ್ಲಿದ್ದ ಹಿರಿಯರು ನಾವು ಹುಡುಗನ ಕಡೆಯವರೆಂದು ತಿಳಿದು ನಗುತ್ತಾ ಒಳಗೆ ಬಿಟ್ಟರು. ಮಗ ಓಡಿಹೋಗಿ, ನಾವು ಮದುವೆಗೆ ಬಂದವರಲ್ಲ, ಫ್ರಿಡ್ಜು ಸಮ ನಿಲ್ಲಿಸಲಿಕ್ಕೆ ಬಂದವರು ಅಂತ ಸತ್ಯ ಹೇಳಿದ. ಹಿರಿಯರು ಅವನನ್ನು ಮೇಲಿಂದ ಕೆಳಗೆ ನೋಡಿ, ಹಸಿದವರು ನಾಚಿಕೆಗೆ ಏನೇನೋ ಹೇಳುತ್ತಾರೆ ಅನ್ನುತ್ತಾ ಕೈಹಿಡಿದು ಎಲೆಯ ಮುಂದೆ ಕೂರಿಸಿದರು.

ಎರಡು ಬಗೆ ಪಾಯಸ ಉಂಡ ಮೇಲೆ ನಮ್ಮವರು ಅವರ ಮಜ್ಜಿಗೆ ಬೇಡವೆಂದು ಕೈ ಅಡ್ಡ ಹಿಡಿದು, ನನ್ನನ್ನು ವ್ಯಾನಿಗೆ ಅಟ್ಟಿದರು. ಮೊಸರಿನ ಪಾತ್ರೆ ಮುಟ್ಟಿದರೆ ಸ್ನಾನದ ನೀರಿನ ಹಾಗೆ ಬೆಚ್ಚಗೆ. ಜಾಗ ಹುಡುಕುವಾಗ ಗಾಡಿ ಅಲ್ಲಲ್ಲಿ ವಾಲಿ ನಿಂತದ್ದಕ್ಕೆ ಅಂತ ಸೊಸೆ, ಈ ಸೆಕೆಗೆ ಆ ಫ್ರಿಡ್ಜೇ ಆಗುವುದಿಲ್ಲ ಅಂತ ಮಗ. ಆ ದಿನ ಗಾಡಿಯಲ್ಲಿ ಸಮತಟ್ಟಾಗಿದ್ದದ್ದು ಗ್ಲಾಸಿನ ನೀರು ಒಂದೇ.

ಕೊನೆಯ ಪರೀಕ್ಷೆ

ಸೊಸೆ ಇನ್ನೊಂದೇ ಅವಕಾಶ ಕೇಳಿದಳು. ಈ ಸಲ ನೇರ ತಿರುವನಂತಪುರಕ್ಕೇ. ಮಗಳು ಫೋನಿನಲ್ಲಿ, "ಅಮ್ಮ, ಈ ಸಲವಾದರೂ ಬರ್ತೀಯಲ್ಲ?" ಅಂದಳು. ನಾನು ಪಾತ್ರೆ ಒಳಗಿಟ್ಟು ದೇವರಿಗೂ ಫ್ರಿಡ್ಜಿಗೂ ಒಟ್ಟಿಗೇ ಕೈಮುಗಿದೆ. ಸಂಜೆ ಸೊಸೆ ಬೆಂಕಿ ಹಚ್ಚಿ, ನೀಲಿ ಜ್ವಾಲೆಯನ್ನು ನನಗೂ ತೋರಿಸಿದಳು. ನಮ್ಮವರು ಬೀಗ ಹಾಕಿದರು. ಬೆಳಗ್ಗೆ ಹೊರಟೆವು.

ಕೊಲ್ಲಂ ದಾಟಿ ಊಟಕ್ಕೆ ಕೂತಾಗ, ಮೊಸರನ್ನದ ಮೊದಲ ತುತ್ತಿಗೇ ನಮ್ಮವರ ಕಣ್ಣು ಮುಚ್ಚಿಹೋಯಿತು. "ಹುಳಿ. ಗಾಡಿ ತಿರುಗಿಸು."

ಮಗಳ ಮನೆ ಇಷ್ಟು ಹತ್ತಿರ ಬಂದು ಹೀಗಾಯಿತಲ್ಲ. ಮಗ ಸೊಸೆಯ ಮೇಲೆ ರೇಗಿದ. ತಂಪಂತೂ ಇಲ್ಲ, ಮುಚ್ಚಿದ ಗಾಡಿಯಲ್ಲಿ ಬೆಳಗಿನ ತನಕ ಬೆಂಕಿ ಬೇರೆ ಉರಿಸಿದ್ದಿ, ಹೊತ್ತಿಕೊಂಡಿದ್ದರೆ ಏನು ಗತಿ ಅಂದ.

ನಮ್ಮವರಿಗೆ ಸೊಸೆಯ ಮೇಲೆ ಮರುಕ ಬಂತು. ಎದೆಯುಬ್ಬಿಸಿ ಹೇಳಿದರು: "ಅವಳಿಗೆ ಯಾಕೆ ಬೈತೀ? ಹೊತ್ತಿಕೊಳ್ಳಲಿಕ್ಕೆ ನಾನು ಬಿಡುತ್ತೇನಾ? ನೀವೆಲ್ಲ ಮರೆಗುಳಿಗಳು. ಎರಡು ಸಲವೂ ಬೀಗ ಹಾಕುವ ಮೊದಲು ಸಿಲಿಂಡರ್ ಮುಚ್ಚಿದವನು ನಾನೇ."

ಮನೆಗೆ ಗ್ಯಾಸು ಬಂದಂದಿನಿಂದ, ಸಿಲಿಂಡರ್ ಮುಚ್ಚದೆ ಹೊಸ್ತಿಲು ದಾಟಿದವರಲ್ಲ ಅವರು. ಒಮ್ಮೆ ರೈಲು ತಪ್ಪಿದರೂ ಚಿಂತೆಯಿಲ್ಲವೆಂದು ಸ್ಟೇಷನ್ನಿನಿಂದ ಮನೆಗೆ ಓಡಿದ್ದರು. ಸೊಸೆ ಮಾವನನ್ನೇ ನೋಡಿದಳು, ನಾನೂ ನೋಡಿದೆ. ಅವರು ತಟ್ಟೆ ನೋಡಿದರು. ಆಮೇಲೆ ಆ ಹುಳಿ ಮೊಸರನ್ನವನ್ನು ಅಗಳು ಬಿಡದೆ ಉಂಡು, "ನಡೆಸು ಗಾಡಿ," ಅಂದರು.

ಮಗಳ ಮನೆಯಲ್ಲಿ ಹಬ್ಬದ ಹಾಗಿತ್ತು. ಅವಳು ಬಡಿಸಿದ ಮೊಸರನ್ನು ನಮ್ಮವರು ಅನುಮಾನದಿಂದ ನೆಕ್ಕಿ, ಇದು ನಮ್ಮದೇ ರುಚಿ ಅಂದರು. ಇರದೆ ಏನು, ಮದುವೆಯಾಗಿ ಹೊರಟಾಗ ನಾನೇ ಕಟ್ಟಿಕೊಟ್ಟ ಹೆಪ್ಪು ಅದು. ನೀವು ಕೇಳಿದ್ದರೆ ಹೇಳುತ್ತಿದ್ದೆ ಅಂತ ಮಗಳು ನಕ್ಕಳು.

ಅಂಗಡಿಯವನದೇ ಇನ್ನೊಂದು ಅಂಗಡಿ ಅಲ್ಲಿತ್ತು. ಮಗ ಬೆಂಕಿಯ ಫ್ರಿಡ್ಜು ಕೊಟ್ಟು ಕಂಪ್ರೆಸರಿನದನ್ನೇ, ಅದಕ್ಕೊಂದು ಬೇರೆ ಬ್ಯಾಟರಿ ಸಮೇತ, ಕೂರಿಸಿಕೊಂಡು ಬಂದ. ಮುಚ್ಚಲಿಕ್ಕೆ ಏನೂ ಇಲ್ಲದ್ದೇ ಅದರ ದೊಡ್ಡ ಗುಣ ಅಂತ ಸೊಸೆಯೂ ಒಪ್ಪಿದಳು.

ಹೊರಡುವ ದಿನ ಎಲ್ಲರೂ ಗಾಡಿ ಹತ್ತಿದ ಮೇಲೆ ನಮ್ಮವರು ಒಂದು ನಿಮಿಷ ಅಂತ ಇಳಿದು, ಮನೆಯೊಳಗೆ ಹೋಗಿ ಬಂದರು. ಮುಖದಲ್ಲಿ ದೊಡ್ಡ ನೆಮ್ಮದಿ. ಊರು ದಾಟುವ ಮೊದಲೇ ಮಗಳ ಫೋನು.

"ಅಮ್ಮ, ನೀವು ಹೊರಟದ್ದೇ ತಡ ಒಲೆ ಆರಿತು ನೋಡು. ಅಕ್ಕಿ ಅರ್ಧ ಬೆಂದಿದೆ, ಗ್ಯಾಸು ಮುಗಿದಿರಬೇಕು."

ಹಿಂದಿನ ಸೀಟಿನಿಂದ ನಮ್ಮವರ ಸಮಾಧಾನದ ದನಿ ಬಂತು. "ಮುಗಿದಿಲ್ಲ ಅಂತ ಹೇಳು. ನಾನೇ ಮುಚ್ಚಿ ಬಂದದ್ದು."