ನೀವು ಮೊದಲು ಹಾಕಿಸಿಕೊಳ್ಳಿ

ಇವತ್ತು ಮಧ್ಯಾಹ್ನ ಗ್ಯಾಸ್ ದರ ಇಳಿಯಲಿದೆ ಎಂಬ ಸುದ್ದಿಯನ್ನು ಲೆಕ್ಕದಣ್ಣ ಬೆಳಿಗ್ಗೆ ಹಲ್ಲುಜ್ಜುತ್ತಾ ರೇಡಿಯೊದಲ್ಲಿ ಕೇಳಿದ. ಕೇಳದೇ ಇದ್ದಿದ್ದರೆ ಅವನ ಪಾಡಿಗೆ ಅವನು ನೆಮ್ಮದಿಯಾಗಿರುತ್ತಿದ್ದ.

ಇಳಿಜಾರು ಕಂಡರೆ ಎಂಜಿನ್ ಆರಿಸುವ ಟ್ಯಾಕ್ಸಿಯವನಿಗೆ ಆ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅವನಿಗಿದ್ದ ಕಾಯಂ ಬಾಡಿಗೆ ಒಂದೇ: ಕನ್ನಡಕದ ಸಾಹೇಬರನ್ನು ಹನ್ನೊಂದಕ್ಕೆ ಮನೆಯಿಂದ ಒಂದು ದೊಡ್ಡ ಕಟ್ಟಡದ ಗೇಟಿಗೆ ಬಿಡುವುದು. ಒಳಗೆ ಅವರು ಏನು ಮಾಡುತ್ತಾರೆಂದು ಇವನು ಕೇಳಿದವನಲ್ಲ. ಮನೆ ಖರ್ಚು, ಮಗಳ ಕಾಲೇಜು ಎಲ್ಲ ಆ ಬಾಡಿಗೆಯ ಮೇಲೇ ನಿಂತಿತ್ತು. ಇನ್ನೊಂದು ಸಲ ತಡವಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಸಾಹೇಬರು ಮೊನ್ನೆಯಷ್ಟೇ ಹೇಳಿದ್ದರು.

"ಮುಳ್ಳು ಕೆಂಪಲ್ಲಿದೆ. ಗ್ಯಾಸ್ ಹಾಕಿಸ್ಕೊಂಡು ನೆಟ್ಟಗೆ ಅವರ ಮನೆಗೆ ಹೋಗಿ," ಎಂದಳು ಹೆಂಡತಿ.

"ಇಳಿಯೋ ದಿನ ಹಳೇ ದರಕ್ಕೆ ಹಾಕಿಸೋಕೆ ನನಗೇನು ತಲೆ ಕೆಟ್ಟಿದ್ಯಾ?"

"ನಿಮ್ಮ ತಲೆ ಮಾತು ಈಗ ಬೇಡ ಬಿಡಿ."

ಗ್ಯಾಸ್ ಬಂಕಿನಲ್ಲಿ ಬೇರೆ ದಿನ ಒಂದಡಿ ಜಾಗಕ್ಕೆ ಕೊರಳಪಟ್ಟಿ ಹಿಡಿಯುವ ಡ್ರೈವರುಗಳು ಇವತ್ತು ಹೊಸ ಬೀಗರಂತೆ ಉಪಚಾರ ಮಾಡುತ್ತಿದ್ದರು.

"ನೀವು ಮೊದಲು ಹಾಕಿಸ್ಕೊಳ್ಳಿ ತಾತ," ಎಂದ ಲೆಕ್ಕದಣ್ಣ, ಹಿಂದಿನ ಗಾಡಿಯ ಮುದಿ ಡ್ರೈವರಿಗೆ.

"ಛೆ, ವಯಸ್ಸಿನ ಮಾತೇನು ಬಂತು. ನಿಮಗೆ ಬಾಡಿಗೆ ಇರುತ್ತೆ, ನೀವು ಮುಂದೆ ಹೋಗಿ."

ಗಾಡಿಗಳು ಹಿಂದೆ ಹಿಂದೆ ಸರಿಯುತ್ತಾ ಸಾಲು ಬಾಲದ ಕಡೆಗೇ ನಡೆಯುತ್ತಿತ್ತು. ಬಂಕಿನವನು ಊಟಕ್ಕೆ ಯಾರೂ ಏಳದ ಮನೆಯ ಯಜಮಾನನಂತೆ ಪೈಪು ಹಿಡಿದು ನಿಂತಿದ್ದ. "ಎಲ್ಲೋ ಸಮುದ್ರದಲ್ಲಿ ಹಡಗು ಸೀನಿದರೆ ಇಲ್ಲಿ ದರ ಏರುತ್ತೆ, ಇವತ್ತು ಅದಕ್ಕೆ ನೆಗಡಿ ವಾಸಿಯಾಗಿರಬೇಕು," ಎಂದು ತಾತ ಮಾರುಕಟ್ಟೆಯ ಮರ್ಮ ವಿವರಿಸಿದರು.

ಸಾಹೇಬರ ಫೋನು ಬಂತು. "ಎಲ್ಲಿದ್ದೀಯಯ್ಯ?"

"ಟ್ರಾಫಿಕ್ ಸಾರ್. ಒಂದು ಗಾಡಿಯಾದ್ರೂ ಮುಂದೆ ಹೋಗ್ತಿಲ್ಲ." ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಬೇಗ ಬಾ. ನಾನು ಹೋಗದೆ ಅಲ್ಲಿ ಏನೂ ಶುರುವಾಗಲ್ಲ."

ಎಲ್ಲ ಆಫೀಸರುಗಳೂ ಹಾಗೇ ಅಂದುಕೊಂಡಿರುತ್ತಾರೆ ಎಂದುಕೊಳ್ಳುತ್ತಾ ಲೆಕ್ಕದಣ್ಣ ಇನ್ನೊಂದು ಮಾರು ಹಿಂದೆ ಸರಿದ. ಈಗಲೇ ಹೊರಟುಬಿಡಲೇ? ಇಷ್ಟು ಹೊತ್ತು ಕಾದದ್ದು ದಂಡವಾಗುತ್ತದಲ್ಲ. ಇನ್ನು ಐದೇ ನಿಮಿಷ.

ಮತ್ತೆ ಫೋನು. "ಬೇರೆ ಟ್ಯಾಕ್ಸಿ ಹುಡುಕಿದೆ ಕಣಯ್ಯ. ಊರಲ್ಲೇ ಒಂದೂ ಇಲ್ಲ."

ಲೆಕ್ಕದಣ್ಣ ಸುತ್ತ ನೋಡಿದ. ಊರಿನ ಟ್ಯಾಕ್ಸಿಗಳೆಲ್ಲ ಇಲ್ಲೇ ಒಂದಕ್ಕೊಂದು ದಾರಿ ಬಿಡುತ್ತಿದ್ದವು.

ಮಧ್ಯಾಹ್ನ ಬಂದು ಹೋಯಿತು. ದರದ ಫಲಕ ಕದಲಲಿಲ್ಲ. ನೋಡಿ ನೋಡಿ ಎಲ್ಲರ ಕತ್ತೂ ಉಳುಕಿತು. ಆಗ ಬೆವರು ಸುರಿಸುತ್ತಾ, ಕಂಕುಳಲ್ಲಿ ಫೈಲು ಅವುಚಿಕೊಂಡು, ಟ್ಯಾಕ್ಸಿ ಹುಡುಕುತ್ತಾ ಸಾಹೇಬರೇ ನಡೆದು ಬಂದರು.

"ಸಾರ್, ಕೋಪ ಮಾಡ್ಕೋಬೇಡಿ," ಎಂದ ಲೆಕ್ಕದಣ್ಣ. "ಇನ್ನೇನು ದರ ಇಳಿಸಿಬಿಡ್ತಾರೆ. ತಕ್ಷಣ ಹೊರಡೋಣ."

ಸಾಹೇಬರು ಕನ್ನಡಕ ಒರೆಸಿಕೊಂಡರು. "ಯಾರಯ್ಯ ಇಳಿಸೋದು?"

"ಅದೇ ಸಾರ್, ರೇಡಿಯೊದಲ್ಲಿ ಹೇಳಿದ್ರಲ್ಲ, ದರ ಸಮಿತಿಯೋರು."

"ಸಮಿತಿಯ ಅಧ್ಯಕ್ಷ ಇಲ್ಲೇ ನಿಂತಿದ್ದಾನಲ್ಲ."

ಸಾಲಿನ ಡ್ರೈವರುಗಳೆಲ್ಲ ಕಿಟಕಿಯಿಂದ ತಲೆ ಹೊರಹಾಕಿದರು.

"ಇಳಿಸೋ ಆದೇಶ ಈ ಫೈಲಲ್ಲೇ ಇದೆ. ಮಧ್ಯಾಹ್ನದೊಳಗೆ ನಾನು ಅಲ್ಲಿ ಕೂತು ಸಹಿ ಹಾಕಬೇಕಿತ್ತು. ಹಾಕದಿದ್ರೆ ಮಾರುಕಟ್ಟೆ ದರ ತಾನಾಗೇ ಜಾರಿ. ಅದೋ, ಬಂತು ನೋಡು."

ಫಲಕ ಕಣ್ಣು ಮಿಟುಕಿಸಿತು, ದರ ಮೇಲೇರಿತು.

"ನಾಳೆಯಿಂದ ನೀನು ಬರೋದು ಬೇಡ," ಎಂದು ಸಾಹೇಬರು ಬಂದ ದಾರಿಯಲ್ಲೇ ನಡೆದು ಹೋದರು.

ಲೆಕ್ಕದಣ್ಣ ಕಳ್ಳಬೆಕ್ಕಿನಂತೆ ಕೀಲಿ ತಿರುಗಿಸಿದ. ಹಿಂದೆ ಸರಿದೂ ಸರಿದೂ ಇದ್ದ ಗ್ಯಾಸೂ ಮುಗಿದಿತ್ತು. ಗಾಡಿ ಕೆಮ್ಮಿ ಸುಮ್ಮನಾಯಿತು.

ಡ್ರೈವರುಗಳೆಲ್ಲ ಇಳಿದು ಬಂದರು. ಯಾರೂ ಬೈಯಲಿಲ್ಲ. ಸಾಲು ಎರಡು ಭಾಗವಾಗಿ ಪೈಪಿನ ತನಕ ದಾರಿ ಬಿಟ್ಟಿತು. ಹಿಂದಿನಿಂದ ಗಾಡಿ ತಳ್ಳಲು ಹತ್ತಾರು ಕೈ ಸೇರಿದವು.

ತಾತ ಕಿಟಕಿಯೊಳಗೆ ಬಗ್ಗಿ, ಬಹಳ ಮರ್ಯಾದೆಯಿಂದ ಹೇಳಿದರು:

"ಇನ್ನು ಯಾವ ಸಂಕೋಚಾನೂ ಬೇಡಪ್ಪ. ನೀವೇ ಮೊದಲು ಹಾಕಿಸ್ಕೊಳ್ಳಿ."