ನನ್ನ ಡಿಗ್ರಿಗೆ ಅತ್ತೆಯೇ ಪಾಲಕರು

ಎರಡರಲ್ಲಿ ಒಂದನ್ನು ಆರಿಸುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಬೋಲ್ಟು ಹತ್ತು ಮಿಲಿಮೀಟರಿನದೋ ಹನ್ನೆರಡರದೋ, ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತೇನೆ. ಹೀಗಿರುವಾಗ ದೂರಶಿಕ್ಷಣವೋ ಕಾಲೇಜೋ ಎಂಬ ಪ್ರಶ್ನೆ ಬಂದರೆ ಹೆದರಲು ಕಾರಣವೇ ಇರಲಿಲ್ಲ.

ಪ್ರಶ್ನೆ ಬಂದದ್ದು ಹೀಗೆ. ನಮ್ಮ ಸ್ಟೋರ್ಸಿನ ಇನ್‌ಚಾರ್ಜ್ ಆಗಬೇಕಾದರೆ ಡಿಗ್ರಿ ಬೇಕು. ನನ್ನ ಓದು ಪಿಯುಸಿಗೇ ನಿಂತಿತ್ತು. ಆದ್ದರಿಂದ ಡಿಗ್ರಿ ಮುಗಿಸಿದ ಹೊಸಬರು ಬರುತ್ತಾರೆ, ಮೂರು ತಿಂಗಳು ನನ್ನ ಹತ್ತಿರ ಕೆಲಸ ಕಲಿಯುತ್ತಾರೆ, ನಾಲ್ಕನೆಯ ತಿಂಗಳಿನಿಂದ ನನಗೇ ಆರ್ಡರ್ ಮಾಡುತ್ತಾರೆ. ಹೀಗೆ ನಾಲ್ವರನ್ನು ತಯಾರು ಮಾಡಿ ಕೊಟ್ಟ ಮೇಲೆ ನನಗೆ ಪಿತ್ತ ನೆತ್ತಿಗೇರಿತು. ಐದನೆಯ ಇನ್‌ಚಾರ್ಜ್ ನಾನೇ ಎಂದು ಮನೆಯಲ್ಲಿ ಘೋಷಿಸಿದೆ.

ನಮ್ಮ ಮನೆಯವರದು ದುರ್ಗದಬೈಲಿನಲ್ಲಿ ಬಳೆ ಅಂಗಡಿ. “ಮನ್ಯಾಗ ಕುಂತು ಓದೂವಂಥಾದ್ದು ತೊಗೊ. ಕಾಲೇಜಿಗೆ ಹೋದಿ ಅಂದ್ರ ಅಡಗಿ ಯಾರು ಮಾಡಬೇಕು?” ಎಂದರು.

“ನೀವು ಮಾಡ್ರಿ.”

ಅವರಿಗೆ ತಕ್ಷಣ ಅಂಗಡಿಯ ಕೆಲಸ ನೆನಪಾಯಿತು. ಅತ್ತೆಯವರು ಹಾಗೆ ಎದ್ದು ಹೋಗುವವರಲ್ಲ. “ನಲವತ್ತೊಂದು ಆತು ನಿನಗ. ಮಗಳು ಪಿಯುಸಿ ಅದಾಳ. ಆಕಿ ಕಲೀಬೇಕೋ, ನೀ ಕಲೀಬೇಕೋ?” ಎಂದು ಕೇಳಿದರು.

“ಇಬ್ಬರೂ ಕಲೀತೇವ್ರಿ ಅತ್ತೀ.”

ಆದರೂ ಮನೆಯ ಶಾಂತಿಗಾಗಿ ದೂರಶಿಕ್ಷಣವನ್ನೇ ಆರಿಸಿದೆ. ಪುಸ್ತಕಗಳ ಪಾರ್ಸಲ್ ಬಂದದ್ದು ನವರಾತ್ರಿಯ ಮೊದಲ ದಿನ ಬೆಳಿಗ್ಗೆ. ಅದರಲ್ಲೇ ಅಸೈನ್‌ಮೆಂಟಿನ ಪ್ರಶ್ನೆಗಳೂ ಇದ್ದವು, ಉತ್ತರ ತಲುಪಿಸಲು ದಸರೆಯ ಮುನ್ನಾದಿನ ಕೊನೆಯ ದಿನ. ಡ್ಯೂಟಿಗೆ ಓಡುವ ಅವಸರದಲ್ಲಿ ಕಟ್ಟನ್ನು ಅತ್ತೆಯವರ ಕೈಗಿಟ್ಟು, “ಚೊಲೋ ಜಾಗಾದಾಗ ಇಡ್ರಿ, ಯಾರೂ ಮುಟ್ಟಬಾರದು,” ಎಂದು ಹೇಳಿ ಹೋದೆ.

ಸಂಜೆ ಬಂದು ನೋಡಿದರೆ ದೇವರ ಮನೆಯಲ್ಲಿ ನವರಾತ್ರಿಯ ಕಲಶದ ಘಟ್ಟ ಕೂತಿತ್ತು. ಮಣ್ಣಿನಲ್ಲಿ ಕಾಳು ಬಿತ್ತಿದ್ದರು, ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ನನ್ನ ಇಡೀ ಮೊದಲ ಸೆಮಿಸ್ಟರು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಹೂ ಏರಿಸಿಕೊಂಡು ಕೂತಿತ್ತು!

“ಅತ್ತೀ, ಅದರಾಗ ಅಸೈನ್‌ಮೆಂಟ್ ಅದರೀ.”

“ಘಟ್ಟ ಕುಂತ ಮ್ಯಾಲ ಒಂಬತ್ತು ದಿನ ಅಲ್ಲಿಂದ ಏನೂ ಎತ್ತಂಗಿಲ್ಲ. ಯಾರೂ ಮುಟ್ಟಬಾರದು ಅಂತ ನೀನ ಹೇಳಿದೆಲ್ಲ. ನಾನೂ ಮುಟ್ಟಂಗಿಲ್ಲ.”

ದಿನಕ್ಕೆರಡು ಬಾರಿ ಆರತಿ ಬೆಳಗಿಸಿಕೊಂಡ ಪುಸ್ತಕಗಳು ದಸರೆಯ ದಿನ ನನ್ನ ಕೈಗೆ ಬಂದವು. ನಾನು ಕಳಿಸಿದ ಉತ್ತರ ಅವಧಿ ಮೀರಿದೆ ಎಂಬ ಷರಾದೊಂದಿಗೆ ವಾಪಸ್ ಬಂತು. ಓದಲು ಮನೆಯೇ ಸರಿಯಾದ ಜಾಗವಲ್ಲ ಎಂದು ತೀರ್ಮಾನಿಸಿ, ಮರುವರ್ಷ ಮಧ್ಯಾಹ್ನ ಶುರುವಾಗುವ ಸೆಕೆಂಡ್ ಶಿಫ್ಟ್ ಬರೆಸಿಕೊಂಡು, ವಿದ್ಯಾನಗರದ ಒಂದು ಕಾಲೇಜಿನ ಬೆಳಗಿನ ತರಗತಿಗೆ ಹೆಸರು ಹಚ್ಚಿದೆ. ಯಾರನ್ನೂ ಕೇಳಲಿಲ್ಲ.

ಮೊದಲ ದಿನ ಸೀರೆ, ಕನ್ನಡಕ, ಕೈಯಲ್ಲೊಂದು ದೊಡ್ಡ ಚೀಲ. ಕ್ಲಾಸಿನ ಒಳಗೆ ಕಾಲಿಟ್ಟೆ. ಇಡೀ ಕ್ಲಾಸು ಎದ್ದು ನಿಂತಿತು. ನಾನು ವಿದ್ಯಾರ್ಥಿನಿ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ “ಕುಂದರ್ರಿ.”

ಎಲ್ಲರೂ ಕೂತರು. ಕೂರಲು ಹೇಳಿದವಳು ಅವರ ನಡುವೆಯೇ ಹೋಗಿ ಕೂರುವುದು ಹೇಗೆ? ಮುಂದೇನು ಮಾಡಬೇಕೆಂದು ಯೋಚಿಸುವಷ್ಟು ಹೊತ್ತು ಮಾತ್ರ ಎಂದುಕೊಂಡು ಮೇಷ್ಟ್ರ ಕುರ್ಚಿಯಲ್ಲಿ ಕೂತೆ. ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು. ಸ್ಟೋರ್ಸಿನವಳ ಮುಂದೆ ರಿಜಿಸ್ಟರ್ ಇಟ್ಟರೆ ಅವಳು ತೆರೆಯದೆ ಬಿಡುತ್ತಾಳೆಯೇ? ಹೆಸರು ಕೂಗತೊಡಗಿದೆ. ಅಷ್ಟರಲ್ಲಿ ನಿಜವಾದ ಮೇಷ್ಟ್ರು, ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು, ಬಾಗಿಲಿಗೆ ಬಂದವರು ನನ್ನನ್ನು ನೋಡಿ, “ಸಾರಿ ಮೇಡಂ, ನನ್ನ ಪೀರಿಯಡ್ ಅಂತ ತಿಳಕೊಂಡಿದ್ದೆ,” ಎಂದು ಟೈಮ್‌ಟೇಬಲ್ ನೋಡಲು ಓಡಿದರು. ತಡವಾಗಿ ಸೇರಿದ್ದರಿಂದ ಪಟ್ಟಿಯ ಕೊನೆಯ ಹೆಸರು ನನ್ನದು. “ಯಶೋದಾ,” ಎಂದು ಕೂಗಿದೆ. ಯಾರೂ ಉತ್ತರಿಸಲಿಲ್ಲ. “ಹಾಜರ್,” ಎಂದು ನಾನೇ ಹೇಳಿ, ಎದ್ದು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಅಂದು ನಕ್ಕವರು ಇನ್ನೂ ನಗುತ್ತಿದ್ದಾರೆ. ನಗಲಿ. ನಾನು ಬಿಡಲಿಲ್ಲ. ಆದರೆ ಒಂದು ದಿನ ಬಸ್ಸು ತಪ್ಪಿತು, ಒಂದು ವಾರ ಮಗಳಿಗೆ ಜ್ವರ, ಇನ್ನೊಂದು ವಾರ ಕಾರ್ಖಾನೆಯಲ್ಲಿ ಸ್ಟಾಕ್ ಎಣಿಕೆ. ಸೆಮಿಸ್ಟರಿನ ಕೊನೆಗೆ ಮನೆಗೆ ಪತ್ರ ಬಂತು: ನಿಮ್ಮ ಮಗಳ ಹಾಜರಾತಿ ಕಡಿಮೆಯಿದೆ, ಪಾಲಕರು ಖುದ್ದಾಗಿ ಬಂದು ಭೇಟಿಯಾಗದಿದ್ದರೆ ಪರೀಕ್ಷೆಗೆ ಕೂರಿಸಲಾಗದು.

ಪ್ರಿನ್ಸಿಪಾಲರ ಮುಂದೆ ಹೋಗಿ, “ಸರ್, ನಾನ ಒಬ್ಬಾಕಿ ಪಾಲಕಿ ಅದೀನ್ರಿ,” ಎಂದೆ.

“ಅದು ನಿಮ್ಮ ಮಗಳ ಕಾಲೇಜಿನಾಗ್ರಿ. ಇಲ್ಲಿ ನೀವು ವಿದ್ಯಾರ್ಥಿ. ಯಾರನ್ನರ ಕರಕೊಂಡು ಬರ್ರಿ.”

ನನ್ನ ಅಪ್ಪ ಅವ್ವ ಇಲ್ಲ. ಗಂಡನನ್ನು ಕೇಳಿದರೆ, “ನಾ ನಿನ್ನ ಗಂಡ. ನಿಮ್ಮಪ್ಪ ಅಲ್ಲ,” ಎಂದರು. ಪರೀಕ್ಷೆ ತಪ್ಪಿದರೆ ವರ್ಷವೇ ಹಾಳು, ಐದನೆಯ ಇನ್‌ಚಾರ್ಜೂ ಬೇರೆ ಯಾರೋ. ಅಡುಗೆಮನೆಯಲ್ಲಿ ಕಣ್ಣೀರು ಬಂದದ್ದು ಈರುಳ್ಳಿಯಿಂದಲ್ಲ. ಅತ್ತೆಯವರು ನೋಡಿದರು. ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಚಪ್ಪಲಿ ಮೆಟ್ಟಿ, “ನಡಿ ನಿನ್ನ ಸಾಲಿಗೆ,” ಎಂದರು.

ಪ್ರಿನ್ಸಿಪಾಲರು ಎದ್ದು ನಮಸ್ಕಾರ ಮಾಡಿ ಕೂರಿಸಿದರು. “ಮನ್ಯಾಗರ ಓದತಾರೇನ್ರಿ?”

“ಎಲ್ಲೀದು? ಫೋನಿನ್ಯಾಗ ಧಾರಾವಾಹಿ ನೋಡಕೋತ ಕುಂದರತಾಳ.”

ನಾನು ಅವರ ಸೆರಗು ಜಗ್ಗಿದೆ. ಅತ್ತೆಯವರ ಮಾತು ಇನ್ನೂ ಮುಗಿದಿರಲಿಲ್ಲ. “ಆದ್ರ ಸರ, ಐದಕ್ಕ ಏಳತಾಳ. ರೊಟ್ಟಿ ಬಡೀತಾಳ, ಇಲ್ಲಿಗೆ ಬರ್ತಾಳ, ಇಲ್ಲಿಂದ ಫ್ಯಾಕ್ಟರಿಗೆ ಹೋಗ್ತಾಳ. ನೀವು ಒಂದ ವಾರ ಹಂಗ ಮಾಡ್ರಿ. ಆಮ್ಯಾಲ ಈಕಿ ಹಾಜರಿ ಕೇಳ್ರಿ.”

ಪ್ರಿನ್ಸಿಪಾಲರು ಪೆನ್ನು ತೆಗೆದು ಅನುಮತಿ ಬರೆದು ಕೊಟ್ಟರು. ಪಾಲಕರ ಸಹಿಯ ಜಾಗದಲ್ಲಿ ಅತ್ತೆಯವರು ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಹೊರಗೆ ಬಂದು ಕಾಲಿಗೆ ಬೀಳಹೋದರೆ, “ಇವತ್ತಿನಿಂದ ಧಾರಾವಾಹಿ ಬಂದ್. ಕುಂತು ಓದು,” ಎಂದರು.

ಓದಿದೆ. ಬರೆದೆ. ಆರು ವಿಷಯಗಳಲ್ಲಿ ಐದು ಪಾಸು. ಆರನೆಯದು ಸ್ಟೋರ್ಸ್ ನಿರ್ವಹಣೆ. ಅದರಲ್ಲೇ ಫೇಲು!

ಸಾಮಗ್ರಿ ಕಳೆದುಹೋಗದಂತೆ ಕೈಗೊಳ್ಳಬೇಕಾದ ಕ್ರಮಗಳನ್ನು ವಿವರಿಸಿ ಎಂದು ಕೇಳಿದ್ದರು. ಕೀಲಿ ನನ್ನ ಸೊಂಟದಲ್ಲಿರಬೇಕು, ಮ್ಯಾನೇಜರ್ ಕೇಳಿದರೂ ಚೀಟಿ ಇಲ್ಲದೆ ಕೊಡಬಾರದು ಎಂದು ಬರೆದಿದ್ದೆ. ಸುಳ್ಳೇನು ಬರೆದೆ? ಹತ್ತೊಂಬತ್ತು ವರ್ಷದಲ್ಲಿ ಒಂದು ವಾಷರೂ ಕಳೆದಿಲ್ಲ. ಪೇಪರ್ ತಿದ್ದಿದ ಮಹಾನುಭಾವರು ಒಂದು ದಿನ ತಾರಿಹಾಳಕ್ಕೆ ಬರಲಿ, ಕಣ್ಣು ಮುಚ್ಚಿ ಒಂದು ಬೋಲ್ಟು ಹುಡುಕಿ ಕೊಡಲಿ, ಆಮೇಲೆ ಮಾತಾಡೋಣ.

ಅವರು ಬರುವವರೆಗೆ ಕಾಯುವಂತಿಲ್ಲ, ಮರುಪರೀಕ್ಷೆ ಹತ್ತಿರ ಬಂದಿದೆ. ರಾತ್ರಿ ಶಿಫ್ಟಿನ ಊಟದ ವೇಳೆಯಲ್ಲಿ ರ‍್ಯಾಕುಗಳ ನಡುವೆ ಸ್ಟೂಲು ಹಾಕಿ ಕೂತು, ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದೇನೆ. ಮೊದಲ ಪ್ರಶ್ನೆ, ಸ್ಟೋರ್ಸ್ ಎಂದರೇನು? ಅದರೊಳಗೇ ಕೂತಿದ್ದೇನೆ, ಉತ್ತರ ಮಾತ್ರ ಇನ್ನೂ ಬಾಯಿಗೆ ಬರುತ್ತಿಲ್ಲ.