ಪ್ಯಾರಿಸ್ಸಿನ ಗೋಡೆಗೆ ಕೆನ್ನೆ ಇಟ್ಟ ಮಾವ

ನಮ್ಮ ಸೋಮನೂರಿನ ಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಉಟ್ಟ ಬಟ್ಟೆ ಮಾತ್ರ ಮರೆಯುವುದಿಲ್ಲ! ಮಗಳನ್ನು ನೋಡಲು ಬಂದ ಬೀಗರನ್ನು ಮಾತಾಡಿಸುವ ಮೊದಲೇ, ಅವರ ಹೆಗಲ ಮೇಲಿನ ವಲ್ಲಿಯ ತುದಿ ಮಗುಚಿ ಹಿಂಬದಿ ನೋಡಿದವರು. ನೆಯ್ಯುವವರು ಬಟ್ಟೆಯ ಹಿಂಬದಿ ನೋಡಿಯೇ ಬೆಲೆ ಕಟ್ಟುವುದು. ಬೀಗರಿಗೆ ಅದು ಹೇಗೆ ಗೊತ್ತಾಗಬೇಕು?

ಇಂಥವರನ್ನು ಎಂಬತ್ತರ ದಶಕದಲ್ಲಿ ನಾನು ಪ್ಯಾರಿಸ್ಸಿಗೆ ಕರೆದುಕೊಂಡು ಹೋದೆ. ನನ್ನದು ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರ, ಅವರದು ಅಲ್ಲೇ ಹತ್ತಿರದ ಸೋಮನೂರಿನಲ್ಲಿ ಪವರ್‌ಲೂಮ್ ಶೆಡ್ಡು. ಇಬ್ಬರೂ ಯಂತ್ರಗಳ ಪ್ರದರ್ಶನ ನೋಡಲು ಹೊರಟವರು. ಬಿಡುವಿದ್ದ ಒಂದು ದಿನ ಟೂರಿನವರು ಅಲ್ಲಿಯ ಜಗತ್ಪ್ರಸಿದ್ಧ ಮ್ಯೂಸಿಯಂಗೆ ಕರೆದೊಯ್ದರು. ಗೈಡ್ ಒಬ್ಬ ಹಿರಿಯ ಹೆಂಗಸು. ಆಕೆಯ ಇಂಗ್ಲಿಷನ್ನು ನಾನು ಮಾವನಿಗೆ ತಮಿಳು ಬೆರೆತ ನಮ್ಮ ಮನೆಯ ಕನ್ನಡಕ್ಕೆ ಇಳಿಸುತ್ತಿದ್ದೆ.

ಜನ ಮುಗಿಬಿದ್ದು ನೋಡುತ್ತಿದ್ದ ರಾಣಿಯೊಬ್ಬಳ ಚಿತ್ರದ ಮುಂದೆ ಮಾವ ಬಹಳ ಹೊತ್ತು ನಿಂತರು. ಗೈಡಿಗೆ ಸಂತೋಷವಾಯಿತು. ಏನನ್ನಿಸಿತು ಎಂದು ನನ್ನ ಮೂಲಕ ಕೇಳಿದಳು. ಸೆರಗಿನ ಮಡಿಕೆ ಚೆನ್ನಾಗಿ ಬಿದ್ದಿದೆ, ಆದರೆ ನೂಲು ಎಷ್ಟು ಸಣ್ಣದು, ಎಷ್ಟನೇ ನಂಬರೆಂದು ಬರೆದವನಿಗೇ ಗೊತ್ತಿಲ್ಲ ಎಂದರು ಮಾವ. ಇದನ್ನು ನಾನು ಇಂಗ್ಲಿಷಿಗೆ ಇಳಿಸಲಿಲ್ಲ.

ಮುಂದಿನ ಕೋಣೆಯಲ್ಲಿ ಗೋಡೆಯಷ್ಟಗಲದ ಪರದೆಯೊಂದು ತೂಗುತ್ತಿತ್ತು. ಬೇಟೆಯ ಚಿತ್ರ, ಎಲ್ಲವೂ ಕೈಯಲ್ಲಿ ನೆಯ್ದದ್ದು. ನೆಯ್ಸಿದ ರಾಜ ಯಾರು, ಚಿತ್ರ ಬರೆದುಕೊಟ್ಟವ ಯಾರು ಎಂದು ಗೈಡ್ ಹೇಳುತ್ತಿದ್ದಂತೆ ಮಾವ ಮಾಯ! ನೋಡಿದರೆ ಗೋಡೆಗೆ ಕೆನ್ನೆ ಒತ್ತಿ, ಪರದೆಯ ಹಿಂದೆ ಇಣುಕುತ್ತಿದ್ದಾರೆ. ಕಾವಲುಗಾರ ಸೀಟಿ ಊದಿಕೊಂಡು ಓಡಿಬಂದ. ನಾನು ಕೈ ಮುಗಿದೆ, ಗೈಡ್ ಏನೋ ಸಮಾಧಾನ ಹೇಳಿದಳು. ಮಾವ ಮಾತ್ರ ಅಲ್ಲಾಡದೆ, ಅಳಿಯನಾದ ನನ್ನನ್ನು ಕರೆದರು.

"ಮಾಪ್ಳೆ, ಇಲ್ಲೀಗಂಟ ಒಂದು ಕೈ. ಇಲ್ಲಿಂದಾಚೆ ವೇರೆ ಕೈ. ಮೊದ್ಲು ಕೂತು ನೆಯ್ದೋನು ಏನಾದ, ಕೇಳು."

ಕೇಳಿದೆ. ಗೈಡ್ ಕನ್ನಡಕ ತೆಗೆದು ಮಾವನನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲವಂತೆ. ನೆಯ್ದವರ ಹೆಸರು ಉಳಿದಿಲ್ಲ. ಇಂಥ ಕೆಲಸಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು, ನಡುವೆ ಒಬ್ಬ ಸತ್ತಿದ್ದರೆ ಮನೆಯವರೇ ಯಾರಾದರೂ ಮುಗಿಸಿರಬಹುದು ಎಂದಳು.

"ಅವರ ಮನೇಲಿ ಯಾರೋ ಕೂತವ್ರೆ," ಎಂದರು ಮಾವ. "ನಿಮ್ಮತ್ತೆ ತರೀಲಿ ಅರ್ಧ ನೆಯ್ದು ಬುಟ್ಟು ಹೋದ ಸೀಲೆ. ಅವಳ ಜಾಗದಾಗೆ ಕೂರಾಕೆ ನನ್ನಿಂದ ಆಗ್ಲಿಲ್ಲ ಮಾಪ್ಳೆ. ಕೊಯ್ದು ಪೆಟ್ಟೀಲಿ ಇಟ್ಬುಟ್ಟೆ."

ಅತ್ತೆ ತೀರಿಕೊಂಡ ಮೇಲೆ ಆ ತರಿ, ಅಂದರೆ ಕೈಮಗ್ಗ ಬಿಚ್ಚಿ ಪವರ್‌ಲೂಮ್ ಹಾಕಿದ ಮಾವನನ್ನು ನಾವೆಲ್ಲ ಕಲ್ಲೆದೆಯವರು ಎಂದು ಆಡಿಕೊಂಡಿದ್ದೆವು. ನಾನೂ ಆಡಿದ್ದೆ. ಆ ಕೋಣೆಯಲ್ಲಿ ನನಗೆ ತಲೆ ಎತ್ತಲಾಗಲಿಲ್ಲ.

ಊರಿಗೆ ಬಂದ ವಾರದಲ್ಲೇ ಅಟ್ಟದ ಮೇಲಿದ್ದ ಮಗ್ಗ ಕೆಳಗಿಳಿಯಿತು. ಅತ್ತೆಯ ಅರ್ಧ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಕೊಯ್ದ ಹಾಸಿನ ಉದ್ದೆಳೆಗಳನ್ನು ಮಾವ ಒಂದೊಂದಾಗಿ ಹೊಸ ನೂಲಿಗೆ ಗಂಟು ಹಾಕತೊಡಗಿದರು. ಪಕ್ಕದಲ್ಲಿ ಕೂತು ನಾನು ಎಳೆ ಬಿಡಿಸಿಕೊಟ್ಟೆ. ನಡುನಡುವೆ ಎಳೆ ಕಾಣುತ್ತಿಲ್ಲವೆಂದು ನಿಲ್ಲಿಸುತ್ತಿದ್ದರು. ಕನ್ನಡಕ ಬದಲಾಯಿಸಬೇಕು ಎಂದರು. ಕನ್ನಡಕದ ತಪ್ಪೇನೂ ಇರಲಿಲ್ಲ, ಮಾವ ಅಳುತ್ತಿದ್ದರು.